ಕಾಲೇಜು ವ್ಯಾಸಂಗ ಹಾಗೂ ವೃತ್ತಿ ತರಬೇತಿಗೆ ವಿದ್ಯಾರ್ಥಿವೇತನ: ಜ್ಞಾನಭಾರತಿ ಸುತ್ತಲಿನ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಬೆಂಗಳೂರಿನ ಪಶ್ಚಿಮ ಭಾಗವು ವಿದ್ಯಾರ್ಥಿಗಳ ನೆಲೆಯಾಗಿದೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣ, ಮಲ್ಲತ್ತಹಳ್ಳಿಯ ಡಾ. ಅಂಬೇಡ್ಕರ್ ತಾಂತ್ರಿಕ ಮಹಾವಿದ್ಯಾಲಯ, ರಾಜಾಜಿನಗರ ಕೈಗಾರಿಕಾ ಬಡಾವಣೆಯ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ (ಜಿಟಿಟಿಸಿ) ಮೊದಲಾದ ಸಂಸ್ಥೆಗಳು ಈ ಭಾಗದಲ್ಲಿವೆ. ವಿಜಯನಗರ, ಬಸವೇಶ್ವರನಗರ, ಕೆಂಗೇರಿಯ ನಿವಾಸಿಗಳಲ್ಲದೆ ಬಿಡದಿ, ರಾಮನಗರ, ಮಾಗಡಿ ಕಡೆಯಿಂದ ದಿನವೂ ಬಂದು ಹೋಗುವ ವಿದ್ಯಾರ್ಥಿಗಳೂ ಇಲ್ಲಿದ್ದಾರೆ.

ವಿದ್ಯಾರ್ಥಿವೇತನವು ಬಡಾವಣೆಯನ್ನು ಆಧರಿಸಿ ದೊರೆಯುವುದಿಲ್ಲ. ವಿದ್ಯಾರ್ಥಿಯ ಪ್ರವರ್ಗ, ಕುಟುಂಬದ ಆದಾಯ, ಅಂಕಗಳು, ಪೋಷಕರ ಉದ್ಯೋಗ ಹಾಗೂ ಸೇರಿದ ಕೋರ್ಸು, ಈ ಐದನ್ನು ಆಧರಿಸಿ ಬೇರೆ ಬೇರೆ ಇಲಾಖೆಗಳು, ಮಂಡಳಿಗಳು ಮತ್ತು ದತ್ತಿ ಸಂಸ್ಥೆಗಳು ನೆರವು ನೀಡುತ್ತವೆ. ಅರ್ಹತೆ ಇದ್ದರೂ ದಾಖಲೆಯ ಸಣ್ಣ ಲೋಪದಿಂದ ನೆರವು ಕೈತಪ್ಪುವ ಪ್ರಕರಣಗಳು ಹಲವು. ಶುಲ್ಕ ಭರಿಸಲಾಗದೆ ಸೀಟು ಬಿಟ್ಟುಕೊಡುವ ನಿರ್ಧಾರಕ್ಕೆ ಬರುವ ಮುನ್ನ ಈ ಕೆಳಗಿನ ಮಾಹಿತಿಯನ್ನು ಕ್ರಮವಾಗಿ ಪರಿಶೀಲಿಸುವಂತೆ ವಿದ್ಯಾರ್ಥಿಗಳನ್ನೂ ಪೋಷಕರನ್ನೂ ಕೋರಲಾಗಿದೆ.

2. ಪ್ರವೇಶಕ್ಕೆ ಮೊದಲೇ ಸಿದ್ಧಪಡಿಸಿಕೊಳ್ಳಬೇಕಾದ ದಾಖಲೆಗಳು

ಅ) ಜಾತಿ ಮತ್ತು ಆದಾಯ ಪ್ರಮಾಣಪತ್ರ: ಇದನ್ನು ನಾಡಕಚೇರಿಯಲ್ಲಿ ಪಡೆಯತಕ್ಕದ್ದು. ಪ್ರಮಾಣಪತ್ರದ ಮೇಲಿರುವ ‘ಆರ್‌ಡಿ’ ಎಂದು ಆರಂಭವಾಗುವ ಸಂಖ್ಯೆಯ ಮೂಲಕವೇ ಪೋರ್ಟಲ್‌ನಲ್ಲಿ ಜಾತಿ ಮತ್ತು ಆದಾಯದ ಪರಿಶೀಲನೆ ನಡೆಯುತ್ತದೆ. ಆದಾಯ ಪ್ರಮಾಣಪತ್ರದ ಮಾನ್ಯತಾ ಅವಧಿ 5 ವರ್ಷ. ಎಸ್‌ಎಸ್‌ಎಲ್‌ಸಿ ಸಮಯದಲ್ಲಿ ಪಡೆದ ಪ್ರಮಾಣಪತ್ರವು ಪದವಿಯ ಮಧ್ಯದಲ್ಲಿ ಅವಧಿ ಮೀರುವ ಸಂಭವವಿರುವುದರಿಂದ ದಿನಾಂಕವನ್ನು ಮೊದಲೇ ನೋಡಿಕೊಳ್ಳುವುದು. ಅರ್ಜಿ ಸಲ್ಲಿಸಿದಾಗ ‘ಸಕಾಲ’ ಸ್ವೀಕೃತಿ ಸಂಖ್ಯೆಯನ್ನು ತಪ್ಪದೆ ಪಡೆಯುವುದು.

ಆ) ಜಿಲ್ಲೆಯ ಹೆಸರು: 2025ರಲ್ಲಿ ರಾಮನಗರ ಜಿಲ್ಲೆಯು ‘ಬೆಂಗಳೂರು ದಕ್ಷಿಣ ಜಿಲ್ಲೆ’ ಎಂದು ಮರುನಾಮಕರಣಗೊಂಡಿದೆ. ಕೆಂಗೇರಿ ಹೋಬಳಿಯು ಸೇರಿರುವುದು ಬೆಂಗಳೂರು ನಗರ ಜಿಲ್ಲೆಯ ‘ಬೆಂಗಳೂರು ದಕ್ಷಿಣ ತಾಲ್ಲೂಕಿಗೆ’. ಹೆಸರು ಒಂದೇ ಆದರೂ ಇವೆರಡೂ ಬೇರೆ. ಅರ್ಜಿಯಲ್ಲಿ ಜಿಲ್ಲೆ ಮತ್ತು ತಾಲ್ಲೂಕನ್ನು ಆಯ್ಕೆ ಮಾಡುವಾಗ ಎಚ್ಚರ ವಹಿಸತಕ್ಕದ್ದು.

ಇ) ಬ್ಯಾಂಕ್ ಖಾತೆ: ಸರ್ಕಾರದ ವಿದ್ಯಾರ್ಥಿವೇತನವು ನೇರ ನಗದು ವರ್ಗಾವಣೆಯ ಮೂಲಕ ಆಧಾರ್ ಜೋಡಣೆಯಾದ ಖಾತೆಗೆ ಜಮೆಯಾಗುತ್ತದೆ. ಬ್ಯಾಂಕಿಗೆ ಆಧಾರ್ ಪ್ರತಿ ನೀಡಿದ ಮಾತ್ರಕ್ಕೆ ಜೋಡಣೆ ಪೂರ್ಣವಾಗುವುದಿಲ್ಲ. ರಾಷ್ಟ್ರೀಯ ಪಾವತಿ ನಿಗಮದ (ಎನ್‌ಪಿಸಿಐ) ಪಟ್ಟಿಯಲ್ಲಿ ಆ ಖಾತೆ ದಾಖಲಾಗಿರಬೇಕು. ಒಬ್ಬರಿಗೆ ಎರಡು ಖಾತೆಗಳಿದ್ದಲ್ಲಿ, ಕೊನೆಯದಾಗಿ ಜೋಡಿಸಿದ ಖಾತೆಗೆ ಹಣ ಹೋಗುತ್ತದೆ. ಖಾತೆ ನಿಷ್ಕ್ರಿಯವಾಗಿದ್ದಲ್ಲಿ ಹಣ ಹಿಂದಿರುಗುತ್ತದೆ.

ಈ) ಹೆಸರು: ಅಂಕಪಟ್ಟಿ, ಆಧಾರ್ ಮತ್ತು ಬ್ಯಾಂಕ್ ಪುಸ್ತಕದಲ್ಲಿ ಹೆಸರು ಹಾಗೂ ಇನಿಷಿಯಲ್ ಒಂದೇ ರೀತಿ ಇರತಕ್ಕದ್ದು. ವ್ಯತ್ಯಾಸವಿದ್ದಲ್ಲಿ ಅಂಕಪಟ್ಟಿಗೆ ಅನುಗುಣವಾಗಿ ಆಧಾರ್ ತಿದ್ದುಪಡಿ ಮಾಡಿಸಿಕೊಳ್ಳುವುದು ಸೂಕ್ತ.

3. ರಾಜ್ಯ ಸರ್ಕಾರದ ನೆರವು

ಸಮಾಜ ಕಲ್ಯಾಣ, ಪರಿಶಿಷ್ಟ ವರ್ಗಗಳ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಕಲ್ಯಾಣ ಮುಂತಾದ ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ (ಎಸ್‌ಎಸ್‌ಪಿ) ಅರ್ಜಿ ಸಲ್ಲಿಸತಕ್ಕದ್ದು. ಪಿಯುಸಿ, ಐಟಿಐ, ಡಿಪ್ಲೊಮಾ, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು ಇದರ ವ್ಯಾಪ್ತಿಗೆ ಬರುತ್ತಾರೆ.

ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ಕೇಂದ್ರ ಪುರಸ್ಕೃತ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯ ಮಿತಿ 2.50 ಲಕ್ಷ ರೂಪಾಯಿ. ಇದರ ವೆಚ್ಚವನ್ನು ಕೇಂದ್ರ ಮತ್ತು ರಾಜ್ಯಗಳು 60:40ರ ಅನುಪಾತದಲ್ಲಿ ಭರಿಸುತ್ತವೆ. ಇದಲ್ಲದೆ, ಅಂತಿಮ ಪರೀಕ್ಷೆಯನ್ನು ಪ್ರಥಮ ಪ್ರಯತ್ನದಲ್ಲಿಯೇ ಪ್ರಥಮ ದರ್ಜೆಯಲ್ಲಿ ಉತ್ತೀರ್ಣರಾದ ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನವಿದೆ. ಇದು ವಿದ್ಯಾರ್ಥಿವೇತನಕ್ಕಿಂತ ಪ್ರತ್ಯೇಕವಾದುದರಿಂದ ಬೇರೆ ಅರ್ಜಿಯನ್ನೇ ಸಲ್ಲಿಸತಕ್ಕದ್ದು.

ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಶುಲ್ಕ ವಿನಾಯಿತಿ ಹಾಗೂ ‘ವಿದ್ಯಾಸಿರಿ’ ಊಟ ಮತ್ತು ವಸತಿ ಸಹಾಯ ಯೋಜನೆ ಮುಖ್ಯವಾದವು. ಸರ್ಕಾರಿ ವಿದ್ಯಾರ್ಥಿನಿಲಯದಲ್ಲಿ ಪ್ರವೇಶ ದೊರೆಯದವರಿಗಾಗಿ ರೂಪಿಸಿದ ವಿದ್ಯಾಸಿರಿಯಲ್ಲಿ ಆರಂಭದಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ 10 ತಿಂಗಳ ನೆರವನ್ನು ನಿಗದಿಪಡಿಸಲಾಗಿತ್ತು. ಆದಾಯ ಮಿತಿಯು ಪ್ರವರ್ಗದಿಂದ ಪ್ರವರ್ಗಕ್ಕೆ ಭಿನ್ನವಾಗಿದೆ. ಆದ್ದರಿಂದ ನೆರೆಯವರಿಗೆ ದೊರೆಯಲಿಲ್ಲವೆಂದು ತಮಗೂ ದೊರೆಯದೆಂದು ಭಾವಿಸಿ ಅರ್ಜಿಯನ್ನು ಕೈಬಿಡಬಾರದು.

4. ಕೇಂದ್ರ ಸರ್ಕಾರದ ನೆರವು

ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ (ಎನ್‌ಎಸ್‌ಪಿ) ಲಭ್ಯವಿರುವ ಯೋಜನೆಗಳ ಪೈಕಿ ಈ ಕೆಳಗಿನವು ಪ್ರಮುಖ.

ಅ) ಕಾಲೇಜು ಮತ್ತು ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಕೇಂದ್ರೀಯ ಯೋಜನೆ: ದ್ವಿತೀಯ ಪಿಯುಸಿಯಲ್ಲಿ ತಮ್ಮ ವಿಭಾಗದ ಮೊದಲ ಶೇ. 20ರೊಳಗೆ ಬಂದು, ನಿಯಮಿತ ಪದವಿಗೆ ಸೇರಿದವರು ಅರ್ಹರು. ಕುಟುಂಬದ ಆದಾಯ ವಾರ್ಷಿಕ 4.50 ಲಕ್ಷ ರೂಪಾಯಿ ಮೀರಿರಬಾರದು. ಪದವಿಯ ಮೂರು ವರ್ಷಗಳಿಗೆ ವರ್ಷಕ್ಕೆ 12,000 ರೂಪಾಯಿ, ಸ್ನಾತಕೋತ್ತರ ಹಂತದಲ್ಲಿ 20,000 ರೂಪಾಯಿ ದೊರೆಯುತ್ತದೆ. ನವೀಕರಣಕ್ಕೆ ಶೇ. 50 ಅಂಕ ಮತ್ತು ಶೇ. 75 ಹಾಜರಾತಿ ಕಡ್ಡಾಯ. ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಇದು ಅನ್ವಯಿಸುವುದಿಲ್ಲ.

ಆ) ‘ಪ್ರಗತಿ’ ಮತ್ತು ‘ಸಕ್ಷಮ್’: ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎಐಸಿಟಿಇ) ಈ ಯೋಜನೆಗಳಲ್ಲಿ ವರ್ಷಕ್ಕೆ 50,000 ರೂಪಾಯಿ ದೊರೆಯುತ್ತದೆ. ಪ್ರಗತಿಯು ತಾಂತ್ರಿಕ ಪದವಿ ಅಥವಾ ಡಿಪ್ಲೊಮಾ ಓದುವ ಹೆಣ್ಣುಮಕ್ಕಳಿಗೆ, ಒಂದು ಕುಟುಂಬದ ಇಬ್ಬರವರೆಗೆ ಮೀಸಲು. ಸಕ್ಷಮ್ ಯೋಜನೆಯು ಶೇ. 40 ಹಾಗೂ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯವುಳ್ಳವರಿಗೆ ಮೀಸಲು. ಎರಡಕ್ಕೂ ಕುಟುಂಬದ ಆದಾಯ ಮಿತಿ 8 ಲಕ್ಷ ರೂಪಾಯಿ.

ಕೇಂದ್ರೀಯ ಯೋಜನೆಯ ಫಲಾನುಭವಿಯು ಬೇರೆ ಸರ್ಕಾರಿ ವಿದ್ಯಾರ್ಥಿವೇತನವನ್ನು ಜೊತೆಗೆ ಪಡೆಯುವಂತಿಲ್ಲ. ಎರಡಕ್ಕೂ ಅರ್ಹರಿದ್ದಲ್ಲಿ ಶುಲ್ಕ ವಿನಾಯಿತಿಯ ಮೊತ್ತವನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಯಾವುದರಿಂದ ಒಟ್ಟು ಪ್ರಯೋಜನ ಹೆಚ್ಚೆಂದು ನೋಡಿ ಆಯ್ಕೆ ಮಾಡುವುದು.

5. ಪೋಷಕರ ಉದ್ಯೋಗವನ್ನು ಆಧರಿಸಿದ ನೆರವು

ರಾಜಾಜಿನಗರ, ಪೀಣ್ಯ, ಕುಂಬಳಗೋಡು ಕೈಗಾರಿಕಾ ಪ್ರದೇಶಗಳ ಕಾರ್ಮಿಕರ ಮಕ್ಕಳು ವಿಶೇಷವಾಗಿ ಗಮನಿಸಬೇಕಾದ ಅಂಶವಿದು. 1965ರ ಕರ್ನಾಟಕ ಕಾರ್ಮಿಕ ಕಲ್ಯಾಣ ನಿಧಿ ಅಧಿನಿಯಮದ ಅನ್ವಯ ಕಾರ್ಮಿಕರ ವೇತನದಿಂದ ವರ್ಷಕ್ಕೊಮ್ಮೆ ಅಲ್ಪ ವಂತಿಗೆ ಕಡಿತವಾಗುತ್ತದೆ. ಮಾಲೀಕರೂ ಸರ್ಕಾರವೂ ತಮ್ಮ ಪಾಲು ಸೇರಿಸುತ್ತಾರೆ. ಈ ನಿಧಿಯಿಂದ ಕರ್ನಾಟಕ ಕಾರ್ಮಿಕ ಕಲ್ಯಾಣ ಮಂಡಳಿಯು ಕಾರ್ಮಿಕರ ಮಕ್ಕಳಿಗೆ ಶೈಕ್ಷಣಿಕ ಪ್ರೋತ್ಸಾಹಧನ ನೀಡುತ್ತದೆ. ವೇತನ ಚೀಟಿಯಲ್ಲಿ ಈ ಕಡಿತ ಕಂಡುಬಂದಲ್ಲಿ ಸಂಸ್ಥೆಯ ಆಡಳಿತ ವಿಭಾಗದಿಂದ ದೃಢೀಕರಣ ಪಡೆಯತಕ್ಕದ್ದು.

ಗಾರೆ ಕೆಲಸ, ಬಾರ್ ಬೆಂಡಿಂಗ್, ಬಣ್ಣ ಬಳಿಯುವುದು ಮುಂತಾದ ಕೆಲಸ ಮಾಡುವ ನೋಂದಾಯಿತ ಕಟ್ಟಡ ಕಾರ್ಮಿಕರ ಮಕ್ಕಳಿಗೆ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನವಿದೆ. ಕಾರ್ಮಿಕರ ಗುರುತಿನ ಚೀಟಿ ನವೀಕರಣವಾಗಿರಬೇಕು. ಚೀಟಿಯ ಅವಧಿ ಮುಗಿದಿದ್ದಲ್ಲಿ ಮಕ್ಕಳ ಅರ್ಜಿಗೆ ಅಡಚಣೆಯಾಗುತ್ತದೆ.

6. ಐಟಿಐ, ಡಿಪ್ಲೊಮಾ ಮತ್ತು ವೃತ್ತಿ ತರಬೇತಿ

ವಿದ್ಯಾರ್ಥಿವೇತನ ಪದವಿಗೆ ಮಾತ್ರವೆಂಬುದು ತಪ್ಪು ತಿಳಿವಳಿಕೆ. ಐಟಿಐ ಮತ್ತು ಡಿಪ್ಲೊಮಾ ಕೂಡ ಮೆಟ್ರಿಕ್ ನಂತರದ ವ್ಯಾಸಂಗವೇ ಆಗಿರುತ್ತದೆ. ಇದರ ಜೊತೆಗೆ 1961ರ ಅಪ್ರೆಂಟಿಸ್ ಅಧಿನಿಯಮದಡಿ ಕಾರ್ಖಾನೆಗಳಲ್ಲಿ ತರಬೇತಿ ಪಡೆಯುವವರಿಗೆ ಸ್ಟೈಪೆಂಡ್ ನೀಡಲಾಗುತ್ತದೆ. ಮನೆಯ ಆದಾಯಕ್ಕೆ ಕೂಡಲೇ ಆಸರೆಯಾಗಬೇಕಾದ ವಿದ್ಯಾರ್ಥಿಗಳಿಗೆ ಇದು ಉಪಯುಕ್ತ ಮಾರ್ಗ.

7. ಖಾಸಗಿ ಹಾಗೂ ದತ್ತಿ ಸಂಸ್ಥೆಗಳು

ಅ) 10 ಮತ್ತು 12ನೇ ತರಗತಿಯನ್ನು ಸರ್ಕಾರಿ ಶಾಲೆ, ಕಾಲೇಜುಗಳಲ್ಲಿ ಓದಿ ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷಕ್ಕೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಷನ್ ಸಹಯೋಗದಲ್ಲಿ 2025ರಲ್ಲಿ ‘ದೀಪಿಕಾ’ ವಿದ್ಯಾರ್ಥಿವೇತನ ಆರಂಭವಾಯಿತು. ಮೊತ್ತ ವರ್ಷಕ್ಕೆ 30,000 ರೂಪಾಯಿ.

ಆ) ಸರೋಜಿನಿ ದಾಮೋದರನ್ ಫೌಂಡೇಷನ್‌ನ ‘ವಿದ್ಯಾಧನ್’ ಯೋಜನೆಯು ಎಸ್‌ಎಸ್‌ಎಲ್‌ಸಿಯಲ್ಲಿ ಉನ್ನತ ಅಂಕ ಗಳಿಸಿದ, ವಾರ್ಷಿಕ 2 ಲಕ್ಷ ರೂಪಾಯಿಗಿಂತ ಕಡಿಮೆ ಆದಾಯವಿರುವ ಕುಟುಂಬದವರಿಗೆ ಲಭ್ಯ.

ಇ) ಸಮುದಾಯ ಸಂಘಗಳು, ಮಠಗಳು ಹಾಗೂ ದತ್ತಿಗಳು ವಿದ್ಯಾರ್ಥಿನಿಲಯ ಅಥವಾ ಪ್ರತಿಭಾ ಪುರಸ್ಕಾರದ ರೂಪದಲ್ಲಿ ನೆರವಾಗುತ್ತವೆ. ಇವುಗಳ ಪ್ರಕಟಣೆ ಸಾಮಾನ್ಯವಾಗಿ ಕನ್ನಡ ದಿನಪತ್ರಿಕೆಗಳಲ್ಲಿ ಬರುತ್ತದೆ. ಕಾಲೇಜಿನ ಸೂಚನಾ ಫಲಕವನ್ನೂ ನೋಡುತ್ತಿರುವುದು. ದಾನಿಗಳು ಸ್ಥಾಪಿಸಿದ ದತ್ತಿನಿಧಿಗಳ ಬಗ್ಗೆ ಕಾಲೇಜಿನ ವಿದ್ಯಾರ್ಥಿವೇತನ ವಿಭಾಗದಲ್ಲಿ ನೇರವಾಗಿ ವಿಚಾರಿಸತಕ್ಕದ್ದು.

8. ಶುಲ್ಕದ ದಿನಾಂಕ ಮತ್ತು ಹಣ ಜಮೆಯಾಗುವ ದಿನಾಂಕ

ಶುಲ್ಕವನ್ನು ಪ್ರವೇಶದ ಸಮಯದಲ್ಲಿ ಪಾವತಿಸಬೇಕಾಗುತ್ತದೆ. ವಿದ್ಯಾರ್ಥಿವೇತನ ಜಮೆಯಾಗುವುದು ಹಲವು ತಿಂಗಳ ನಂತರ. ಈ ನಡುವಣ ಅವಧಿಯೇ ಬಡ ಕುಟುಂಬಗಳಿಗೆ ಕಠಿಣವಾದುದು. ಆದಕಾರಣ,

• ಶುಲ್ಕ ವಿನಾಯಿತಿಗೆ ಅರ್ಹರಾದವರು ಪ್ರವೇಶದ ದಿನವೇ ಪ್ರಾಂಶುಪಾಲರಿಗೆ ಲಿಖಿತ ಮನವಿ ಸಲ್ಲಿಸಿ, ಸ್ವೀಕೃತಿ ಪಡೆಯುವುದು.
• ಕಂತುಗಳಲ್ಲಿ ಪಾವತಿಸಲು ಅವಕಾಶ ಕೋರುವುದು.
• ವಿದ್ಯಾರ್ಥಿಯ ಖಾತೆಗೆ ಜಮೆಯಾದ ಮೊತ್ತದಲ್ಲಿ ಕಾಲೇಜಿಗೆ ಸಲ್ಲಬೇಕಾದ ಶುಲ್ಕವೂ ಸೇರಿರಬಹುದು. ಅದನ್ನು ಅನ್ಯ ಖರ್ಚಿಗೆ ಬಳಸಬಾರದು.
• ಪ್ರಯಾಣ ವೆಚ್ಚಕ್ಕೆ ವಿದ್ಯಾರ್ಥಿ ಬಸ್ ಪಾಸ್ ಪಡೆಯುವುದು. 2023ರ ಜೂನ್‌ನಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯಡಿ ವಿದ್ಯಾರ್ಥಿನಿಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ.
• ಇಷ್ಟಾದರೂ ಕೊರತೆ ಉಳಿದಲ್ಲಿ, ವೃತ್ತಿಪರ ಕೋರ್ಸುಗಳಿಗೆ ಡಿ. ದೇವರಾಜ ಅರಸು ಹಿಂದುಳಿದ ವರ್ಗಗಳ ಅಭಿವೃದ್ಧಿ ನಿಗಮದ ‘ಅರಿವು’ ಸಾಲವನ್ನು ಶೇ. 2ರ ಬಡ್ಡಿ ದರದಲ್ಲಿ ಪಡೆಯಬಹುದು. ಇದು ಸಾಲವೇ ಹೊರತು ವಿದ್ಯಾರ್ಥಿವೇತನವಲ್ಲ, ಮರುಪಾವತಿ ಕಡ್ಡಾಯ.

9. ಅರ್ಜಿ ಸಲ್ಲಿಸಿದ ನಂತರ

ಅರ್ಜಿಯ ಮುದ್ರಿತ ಪ್ರತಿ ಮತ್ತು ಅರ್ಜಿ ಸಂಖ್ಯೆಯನ್ನು ಕಾಯ್ದಿರಿಸಿಕೊಳ್ಳುವುದು. ಕಾಲೇಜಿನ ಹಂತದಲ್ಲಿ ಪರಿಶೀಲನೆಯಾಗದ ಅರ್ಜಿ ಇಲಾಖೆಗೆ ತಲುಪುವುದಿಲ್ಲವಾದ್ದರಿಂದ 15 ದಿನಗಳಿಗೊಮ್ಮೆ ಪೋರ್ಟಲ್‌ನಲ್ಲಿ ಸ್ಥಿತಿಯನ್ನು ನೋಡುವುದು. ಆಕ್ಷೇಪಣೆ ಕಂಡುಬಂದಲ್ಲಿ ಮೊದಲು ಕಾಲೇಜಿನ ವಿದ್ಯಾರ್ಥಿವೇತನ ವಿಭಾಗವನ್ನು, ಬಳಿಕ ಸಂಬಂಧಪಟ್ಟ ಇಲಾಖೆಯ ತಾಲ್ಲೂಕು ಕಚೇರಿಯನ್ನು ಸಂಪರ್ಕಿಸುವುದು. ಮೊದಲ ವರ್ಷ ಮಂಜೂರಾದರೂ ಪ್ರತಿ ವರ್ಷ ನವೀಕರಣ ಅಗತ್ಯ. ಅರ್ಜಿಯ ಕೊನೆಯ ದಿನಾಂಕ ಆಯಾ ವರ್ಷದ ಪ್ರಕಟಣೆಯಂತೆ ಇರುತ್ತದೆ.

10. ಎಚ್ಚರಿಕೆ

ಎಸ್‌ಎಸ್‌ಪಿ ಹಾಗೂ ಎನ್‌ಎಸ್‌ಪಿ ಪೋರ್ಟಲ್‌ಗಳಲ್ಲಿ ಅರ್ಜಿಗೆ ಶುಲ್ಕವಿಲ್ಲ. ವಿದ್ಯಾರ್ಥಿವೇತನ ಮಂಜೂರು ಮಾಡಿಸುವುದಾಗಿ ಹಣ ಕೇಳುವವರನ್ನು ನಂಬಬಾರದು. ದೂರವಾಣಿಯಲ್ಲಿ ಒಟಿಪಿ ಅಥವಾ ಖಾತೆಯ ವಿವರಗಳನ್ನು ಯಾರಿಗೂ ನೀಡಬಾರದು. ವಂಚನೆ ನಡೆದಲ್ಲಿ ಸೈಬರ್ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡತಕ್ಕದ್ದು.