ತಾಮ್ರದ ಬಾಯ್ಲರೂ ತಿಂಗಳ ಚೀಟಿಯೂ

ಆನೆಮಲೆ ಮತ್ತು ಪಳನಿ ಬೆಟ್ಟಗಳ ಬಡಗಣ ತಪ್ಪಲಿನಲ್ಲಿ, ಉಡುಮಲೈಪೇಟೆಯಿಂದ ಪಳನಿಗೆ ಸಾಗುವ ಹೆದ್ದಾರಿಯು ಅಮರಾವತಿ ನದಿಯನ್ನು ಸಂಧಿಸುವ ಎಡೆಯಲ್ಲಿ ಮಡತ್ತುಕುಳಂ ಎಂಬ ಊರಿದೆ. ಬಹುಕಾಲ ಕೊಯಮತ್ತೂರು ಜಿಲ್ಲೆಯ ಭಾಗವಾಗಿದ್ದ ಈ ಸೀಮೆಯು 2009ರಲ್ಲಿ ತಿರುಪ್ಪೂರು ಜಿಲ್ಲೆ ರೂಪುಗೊಂಡಾಗ ಅದಕ್ಕೆ ಸೇರಿತು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕದೇವರಾಜ ಒಡೆಯರ ಆಳ್ವಿಕೆ ಈ ಸೀಮೆಯನ್ನೊಳಗೊಂಡ ಕೊಂಗುನಾಡಿಗೆ ಚಾಚಿದ ಮೇಲೆ 1799ರ ವರೆಗೂ ಈ ನಾಡಿನ ಕಂದಾಯವು ಶ್ರೀರಂಗಪಟ್ಟಣದ ಬೊಕ್ಕಸಕ್ಕೆ ಸಲ್ಲುತ್ತಿದ್ದುದನ್ನೂ, ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡಿರುವ ದೇವಾಂಗ ನೇಕಾರರು, ಒಕ್ಕಲಿಗರು, ಅನುಪ್ಪರು ಮೊದಲಾದವರು ಕೊಯಮತ್ತೂರು ಮತ್ತು ಮಧುರೆ ಸೀಮೆಗಳಲ್ಲಿ ಇಂದಿಗೂ ನೆಲೆಸಿರುವುದನ್ನೂ ನೆನೆದರೆ, ಇಲ್ಲಿಯ ಗೃಹಜೀವನದ ಚರಿತ್ರೆಯು ಕನ್ನಡಿಗರಿಗೆ ಪರಕೀಯವಾದ ವಸ್ತುವಲ್ಲವೆಂಬುದು ತಾನೇ ಮನವರಿಕೆಯಾಗುತ್ತದೆ. ಆ ಚರಿತ್ರೆಯ ಒಂದು ಸಣ್ಣ ಅಧ್ಯಾಯವನ್ನು, ಎಂದರೆ ಸ್ನಾನದ ನೀರನ್ನು ಕಾಯಿಸುವ ಬಾಯ್ಲರನ್ನು ಒಮ್ಮೆಗೇ ಹಣ ತೆತ್ತು ಕೊಳ್ಳಲಾರದ ಸಂಸಾರಗಳು ತಿಂಗಳು ತಿಂಗಳಿಗೆ ಇಷ್ಟಿಷ್ಟೆಂದು ಕೊಟ್ಟು ಮನೆಗೆ ತಂದುಕೊಂಡ ಬಗೆಯನ್ನು, ಇಲ್ಲಿ ನಿರೂಪಿಸಬೇಕೆಂದಿದ್ದೇನೆ.

ಬಾಯ್ಲರಿಗೆ ಮುಂಚೆ ಹಂಡೆಯಿತ್ತು. ಬಚ್ಚಲುಮನೆಯ ಮೂಲೆಯಲ್ಲಿ ಮಣ್ಣಿನ ಒಲೆಗೆ ಹೂಳಿ ಕೂರಿಸಿದ ತಾಮ್ರದ ಹಂಡೆಯು ಕನ್ನಡನಾಡಿನ ಮನೆಗಳಲ್ಲಿ ಎಷ್ಟು ಗೌರವದ ವಸ್ತುವಾಗಿತ್ತೆಂಬುದಕ್ಕೆ, ನರಕ ಚತುರ್ದಶಿಯ ಹಿಂದಿನ ದಿನ ಅದನ್ನು ಹುಣಸೆಹಣ್ಣಿನಿಂದ ಬೆಳಗಿ, ಸುಣ್ಣ ಕೆಮ್ಮಣ್ಣುಗಳ ಗೆರೆ ಬರೆದು, ಹೊಸ ನೀರು ತುಂಬಿ ಪೂಜಿಸುವ ನೀರು ತುಂಬುವ ಹಬ್ಬವೇ ಸಾಕ್ಷಿ. ತಮಿಳುನಾಡಿನಲ್ಲಿಯೂ ಅದೇ ಚತುರ್ದಶಿಯ ಅರುಣೋದಯಕ್ಕೆ ಮುನ್ನ ಎಣ್ಣೆ ಹಚ್ಚಿ ಬಿಸಿನೀರಿನಲ್ಲಿ ಮೀಯುವುದನ್ನು ಗಂಗಾಸ್ನಾನವೆಂದೇ ಕರೆಯುತ್ತಾರೆ. ಆದುದರಿಂದ ನೀರು ಕಾಯಿಸುವ ಪಾತ್ರೆಗೂ ದೀಪಾವಳಿಗೂ ಇರುವ ನಂಟು ಎರಡೂ ನಾಡುಗಳಿಗೆ ಸಮಾನವಾದುದು. ಮುಂದೆ ವಿವರಿಸಲಿರುವ ಪಾತ್ರೆ ಚೀಟಿಯ ವರ್ಷವು ದೀಪಾವಳಿಯಿಂದ ದೀಪಾವಳಿಗೆ ಎಣಿಕೆಯಾಗುವುದು ಆಕಸ್ಮಿಕವಲ್ಲವೆಂದು ನನ್ನ ಭಾವನೆ.

ಹಂಡೆಯಲ್ಲಿ ಎರಡು ಕೊರತೆಗಳಿದ್ದವು. ಬೆಂಕಿಯ ಶಾಖದಲ್ಲಿ ಬಹುಪಾಲು ಒಲೆಯ ಗೋಡೆಗೂ ಗಾಳಿಗೂ ಸೇರಿಹೋಗುತ್ತಿತ್ತು. ಒಂದೆಡೆ ಹೂಳಿದ ಹಂಡೆಯನ್ನು ಮನೆ ಬದಲಿಸುವವರು ಹೊತ್ತೊಯ್ಯುವಂತಿರಲಿಲ್ಲ. ಬಾಯ್ಲರು ಇವೆರಡನ್ನೂ ನೀಗಿತು. ನಿಲುವಾದ ತಾಮ್ರದ ಉರುಳೆ, ಅದರ ನಡುವೆ ಬೆಂಕಿಯ ಕೊಳವೆ, ಅಡಿಯಲ್ಲಿ ಕೆಂಡ ನಿಲ್ಲುವ ಜಾಲರಿ, ಮೇಲೆ ತಣ್ಣೀರು ಹೊಯ್ಯುವ ಆಲಿಕೆ, ಪಕ್ಕದಲ್ಲಿ ಬಿಸಿನೀರಿನ ನಳಿಗೆ, ಇಷ್ಟೇ ಅದರ ರಚನೆ. ಆಲಿಕೆಯ ಮೂಲಕ ಹೊಯ್ದ ತಣ್ಣೀರು ಅದಕ್ಕೆ ಸೇರಿದ ಬೇರೊಂದು ಕೊಳವೆಯಲ್ಲಿ ಇಳಿದು ತಳವನ್ನು ಸೇರುತ್ತದೆ. ಕಾದು ಹಗುರವಾಗಿ ಮೇಲೆ ನಿಂತ ನೀರು ಅದರ ಒತ್ತಿಗೆ ನಳಿಗೆಯಿಂದ ಹೊರಬರುತ್ತದೆ. ಒಂದು ಬಕೆಟ್ಟು ಸುರಿದರೆ ಒಂದು ಬಕೆಟ್ಟು ದೊರಕುತ್ತದೆ. ತೆಂಗಿನ ತೋಟಗಳಿಗೆ ಹೆಸರಾದ ಉಡುಮಲೈ ಸೀಮೆಯಲ್ಲಿ ಕರಟ, ಸಿಪ್ಪೆ, ಒಣಗಿದ ಮಟ್ಟೆಗಳೇ ಅದಕ್ಕೆ ಸಾಲುವಷ್ಟು ಉರುವಲು. ಯಂತ್ರವೆಂದು ಕರೆಯಲೂ ಸಂಕೋಚಪಡಬೇಕಾದಷ್ಟು ಸರಳವಾದ ಈ ಸಾಧನವು ನಿಶ್ಶಬ್ದವಾಗಿ ಎಷ್ಟು ಮಂದಿ ಸ್ತ್ರೀಯರ ಮುಂಜಾನೆಯ ದುಡಿಮೆಯನ್ನು ಹಗುರಗೊಳಿಸಿತೆಂಬುದನ್ನು ನಮ್ಮ ಚರಿತ್ರಕಾರರು ಇನ್ನೂ ಬರೆದಿಲ್ಲ.

ಇಂಥ ಪಾತ್ರೆಗಳು ಮಡತ್ತುಕುಳಂ ಸೀಮೆಗೆ ದೂರದೇಶದಿಂದ ಬರಬೇಕಾಗಿರಲಿಲ್ಲ. ಅನುಪ್ಪರ ಹೆಸರನ್ನೇ ತಳೆದಿರುವ ಅನುಪ್ಪರ್‌ಪಾಳೆಯಂ ಎಂಬ ಊರು ತಿರುಪ್ಪೂರಿನ ಮಗ್ಗುಲಲ್ಲೇ ಇದ್ದು, ತಾಮ್ರ, ಹಿತ್ತಾಳೆ, ಮುಂದೆ ಎವರ್‌ಸಿಲ್ವರ್ (ಸ್ಟೇನ್‌ಲೆಸ್ ಸ್ಟೀಲ್) ಪಾತ್ರೆಗಳ ತಯಾರಿಕೆಗೆ ತಮಿಳುನಾಡಿನಲ್ಲೆಲ್ಲ ಪ್ರಸಿದ್ಧವಾಗಿದೆ. ಕೊಡ, ಅಂಡೆ, ಬಾಯ್ಲರುಗಳನ್ನು ತಗಡು ಬಡಿದು, ಬೆಸೆದು, ಮೆರುಗಿಟ್ಟು ಸಿದ್ಧಪಡಿಸುವ ಪಟ್ಟಡಿಗಳಲ್ಲಿ ಕೂಲಿಯು ಪಾತ್ರೆಯ ತೂಕಕ್ಕೂ ಕೆಲಸದ ಬಗೆಗೂ ತಕ್ಕಂತೆ ನಿಗದಿಯಾಗುತ್ತಿತ್ತು. ಅಂಗಡಿಯಲ್ಲಿಯೂ ತಾಮ್ರದ ಬೆಲೆಯು ತೂಕದ ಬೆಲೆಯೇ. ಹಳೆಯ ಪಾತ್ರೆಯನ್ನು ತಕ್ಕಡಿಗೆ ಹಾಕಿ, ಸವೆತಕ್ಕೂ ಕೂಲಿಗೂ ಇಷ್ಟೆಂದು ಕಳೆದು, ಹೊಸದನ್ನು ಪಡೆಯಬಹುದಾಗಿತ್ತು. ಕಷ್ಟಕಾಲದಲ್ಲಿ ಅದನ್ನೇ ಅಡವಿಟ್ಟು ಮದುವೆಯನ್ನೋ ಔಷಧದ ವೆಚ್ಚವನ್ನೋ ನಿರ್ವಹಿಸಬಹುದಾಗಿತ್ತು. ಬಚ್ಚಲಲ್ಲಿ ನಿಂತಿದ್ದ ಬಾಯ್ಲರು ಹೀಗೆ ಬಡವರ ಪಾಲಿನ ಠೇವಣಿಯೂ ಆಗಿತ್ತು. ತಾಮ್ರಕ್ಕಾಗಿ ಕೊಟ್ಟ ಕಂತಿನ ಸ್ವರೂಪವನ್ನು ಅರಿಯಬೇಕಾದರೆ ಈ ಸಂಗತಿಯನ್ನು ಮರೆಯಲಾಗದು.

ಆದರೆ ತಿಂಗಳಿಗಿಷ್ಟೆಂದು ಕೊಡಬೇಕಾದರೆ ತಿಂಗಳಿಗಿಷ್ಟೆಂದು ಬರಬೇಕಷ್ಟೆ. ನೇಕಾರನಿಗೆ ಸೀರೆ ಇಳಿದಾಗ ಕೂಲಿ, ರೈತನಿಗೆ ಸುಗ್ಗಿಯಲ್ಲಿ ಹಣ, ಕೂಲಿಕಾರನಿಗೆ ದಿನದ ಗಳಿಕೆ. ಇವರಾರಿಗೂ ತಿಂಗಳೆಂಬುದು ಲೆಕ್ಕದ ಅವಧಿಯಾಗಿರಲಿಲ್ಲ. ನೇಕಾರನು ತನ್ನ ಮಗ್ಗದ ನೂಲಿಗೆ ವರ್ತಕನಿಂದ ಮುಂಗಡ ಪಡೆದು, ನೆಯ್ದ ಬಟ್ಟೆಯಲ್ಲಿ ಅದನ್ನು ತೀರಿಸುತ್ತಿದ್ದ ಪದ್ಧತಿಯು ಬಹು ಹಳೆಯದು. ಅದರಲ್ಲಿ ಸಾಲದ ಬಂಧನವಿತ್ತೇ ಹೊರತು ಕಂತಿನ ಸ್ವಾತಂತ್ರ್ಯವಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೊಯಮತ್ತೂರಿನಲ್ಲಿ ನೂಲಿನ ಗಿರಣಿಗಳೂ, 1930ರ ದಶಕದಲ್ಲಿ ನೀಲಗಿರಿಯ ಪೈಕಾರಾದಿಂದ ಜಲವಿದ್ಯುತ್ತೂ, 1957ರಲ್ಲಿ ಅಮರಾವತಿ ಅಣೆಕಟ್ಟೂ, ಅದರ ಹಿಂದೆಯೇ ಮಡತ್ತುಕುಳಂ ಸಮೀಪದ ಕೃಷ್ಣಾಪುರದಲ್ಲಿ ಅಮರಾವತಿ ಸಹಕಾರಿ ಸಕ್ಕರೆ ಕಾರ್ಖಾನೆಯೂ ಬಂದುವು. ಗಿರಣಿಯ ಸಂಬಳ, ಶಾಲಾ ಉಪಾಧ್ಯಾಯರ ವೇತನ, ಕಬ್ಬಿನ ಹಣ, ಇವುಗಳ ಮೂಲಕ ಕ್ರಮಬದ್ಧವಾದ ಆದಾಯವು ಹಳ್ಳಿಯ ಹೊಸ್ತಿಲನ್ನು ದಾಟಿದ ಬಳಿಕವೇ ತಿಂಗಳ ಕಂತು ಎಂಬ ಕಲ್ಪನೆಗೆ ನೆಲೆ ದೊರೆಯಿತು.

ಆ ನೆಲೆಯಲ್ಲಿ ಮೊದಲು ಬೇರೂರಿದುದು ಚೀಟಿ. ಪಾತ್ರೆಯಂಗಡಿಯವನೇ ಹಲವು ಮನೆಗಳನ್ನು ಸೇರಿಸಿ ಪಾತ್ರೆ ಚೀಟಿಯನ್ನು ನಡೆಸುತ್ತಿದ್ದನು. ಪ್ರತಿ ತಿಂಗಳೂ ಗೊತ್ತಾದ ಮೊತ್ತವನ್ನು ಕೊಟ್ಟು ಪುಟ್ಟ ಪುಸ್ತಕದಲ್ಲಿ ಬರೆಯಿಸಿಕೊಂಡ ಗೃಹಿಣಿಯು ವರ್ಷಾಂತ್ಯದಲ್ಲಿ, ಎಂದರೆ ದೀಪಾವಳಿ ಸಮೀಪಿಸಿದಾಗ, ಕೂಡಿದ ಹಣಕ್ಕೆ ಸಮನಾದ ಪಾತ್ರೆಯನ್ನು ಆರಿಸಿಕೊಳ್ಳುತ್ತಿದ್ದಳು. ಇಲ್ಲಿ ಹಣ ಮೊದಲು, ವಸ್ತು ಆಮೇಲೆ. ಬಡ್ಡಿ ಕೊಡುವ ಪ್ರಸಂಗವೇ ಇಲ್ಲ. ಕೂಡಿಟ್ಟ ಹಣದ ಮೇಲಿನ ಲಾಭ ಅಂಗಡಿಗೆ ಸಲ್ಲುತ್ತಿತ್ತೆಂಬುದು ನಿಜವಾದರೂ, ಗಂಡನ ಕೈಗಾಗಲಿ ಸಾಹುಕಾರನ ಕಣ್ಣಿಗಾಗಲಿ ಬೀಳದೆ ಚಿಲ್ಲರೆ ಹಣವು ತಾಮ್ರವಾಗಿ ಪರಿಣಮಿಸುತ್ತಿದ್ದುದು ಹೆಣ್ಣುಮಕ್ಕಳಿಗೆ ಅಲ್ಪ ಲಾಭವಲ್ಲ. ಇದರ ಪಕ್ಕದಲ್ಲಿಯೇ, ಚಂದಾದಾರರು ತಮ್ಮತಮ್ಮಲ್ಲಿ ಹರಾಜು ಕೂಗಿ ಹಣವನ್ನು ಸರದಿಯಂತೆ ಎತ್ತಿಕೊಳ್ಳುವ ಚೀಟಿಯೂ ನಡೆಯುತ್ತಿತ್ತು. ಅದರಲ್ಲಿ ತುರ್ತಿದ್ದವನು ಹೆಚ್ಚು ಕಳೆತಕ್ಕೆ ಒಪ್ಪಿ ಮೊದಲೇ ಎತ್ತುತ್ತಿದ್ದನು, ತಾಳ್ಮೆಯುಳ್ಳವನು ಕಡೆಗೆ ನಿಂತು ಲಾಭ ಪಡೆಯುತ್ತಿದ್ದನು. ಒಂದೇ ಬೀದಿಯ ಜನರ ಪರಸ್ಪರ ಪರಿಚಯವೇ ಅದಕ್ಕೆ ಜಾಮೀನು.

ದುರಾಶೆ ಪ್ರವೇಶಿಸದ ಪದ್ಧತಿಯಿಲ್ಲ. ತಿಂಗಳಿಗೊಮ್ಮೆ ಲಾಟು ಎತ್ತಿ, ಹೆಸರು ಬಂದವನು ಉಳಿದ ಕಂತುಗಳನ್ನು ಕೊಡಬೇಕಾಗಿಲ್ಲವೆಂಬ ಆಮಿಷದ ಚೀಟಿಗಳು ಹಬ್ಬಿ, ನಡೆಸುತ್ತಿದ್ದವರು ಹಣದೊಡನೆ ಕಣ್ಮರೆಯಾದ ಪ್ರಸಂಗಗಳು ದೇಶದಲ್ಲೆಲ್ಲ ಹೆಚ್ಚಿದುವು. ಮದರಾಸು ರಾಜ್ಯವು 1961ರಲ್ಲಿಯೇ ಚೀಟಿಗಳ ಕಾಯಿದೆಯನ್ನು ಮಾಡಿತ್ತು. ಈ ಬಗೆಯ ಬಹುಮಾನದ ಚೀಟಿಗಳನ್ನು ಸಂಸತ್ತು 1978ರಲ್ಲಿ ನಿಷೇಧಿಸಿತು. 1982ರಲ್ಲಿ ಕೇಂದ್ರದ ಚೀಟಿ ಕಾಯಿದೆ ಬಂದಿತು. ನೋಂದಣಿಯ ಗೋಜಿಗೆ ಹೋಗದ ಬೀದಿಚೀಟಿಗಳು ಆ ಬಳಿಕವೂ ನಿಲ್ಲಲಿಲ್ಲ.

ಋಣದ ಈ ಚರಿತ್ರೆಯಲ್ಲಿ ಕೊಯಮತ್ತೂರು ಜಿಲ್ಲೆಗೆ ಒಂದು ಗೌರವದ ಸ್ಥಾನವಿದೆ. 1887ರಲ್ಲಿ ಈ ಜಿಲ್ಲೆಯ ಕೈಪಿಡಿಯನ್ನು ಸಂಕಲಿಸಿದ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯೇ, ಮುಂದೆ ರೈತರ ಸಾಲದ ಪ್ರಶ್ನೆಯನ್ನು ಕುರಿತು ಮದರಾಸು ಸರ್ಕಾರಕ್ಕೆ ಎರಡು ಸಂಪುಟಗಳ ವರದಿಯನ್ನು ಒಪ್ಪಿಸಿ, ಜರ್ಮನಿಯ ರೈಫೈಸನ್ ಮಾದರಿಯ ಗ್ರಾಮ ಸಹಕಾರ ಸಂಘಗಳೇ ಪರಿಹಾರವೆಂದು ಪ್ರತಿಪಾದಿಸಿದನು. ಆ ವಿಚಾರದ ಫಲವಾಗಿ ಬಂದ 1904ರ ಕಾಯಿದೆಯ ಮೇರೆಗೆ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲಿ ಸಹಕಾರ ಸಂಘವನ್ನು ಸ್ಥಾಪಿಸಿದುದನ್ನು ಕನ್ನಡಿಗರು ಬಲ್ಲರು. ಕೊಯಮತ್ತೂರಿನ ಬಯಲಿನ ಋಣವನ್ನು ಕಂಡವನ ಲೇಖನಿಗೂ ಕಣಗಿನಹಾಳದ ಸಾಹಸಕ್ಕೂ ನಡುವಣ ಈ ತಂತುವನ್ನು ಮಾತ್ರ ಅನೇಕರು ಲಕ್ಷಿಸಿಲ್ಲ. ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ ಮೊದಲಾದವರು 1925ರಲ್ಲಿ ಕಟ್ಟಿದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ಮನೆಬಾಗಿಲಲ್ಲಿ ದಿನಕ್ಕೆ ಎರಡಾಣೆಯಷ್ಟು ಅಲ್ಪವಾದ ಹಣವನ್ನೂ ಸಂಗ್ರಹಿಸಿದುದು ಇದೇ ಭಾವದ ಮತ್ತೊಂದು ರೂಪ. ಪಾತ್ರೆ ಚೀಟಿಯ ತತ್ತ್ವವೇ ಅಲ್ಲಿ ಬ್ಯಾಂಕಿನ ಶಿಸ್ತನ್ನು ತಳೆಯಿತು.

ಇನ್ನು, ವಸ್ತು ಮೊದಲು ಹಣ ಆಮೇಲೆ ಎಂಬ ಕ್ರಮ. ಇದು ಪಶ್ಚಿಮದಲ್ಲಿ ಪ್ರಬಲವಾದುದು ಸಿಂಗರ್ ಹೊಲಿಗೆಯಂತ್ರದಿಂದ. ಆ ಸಂಸ್ಥೆಯ ಪಾಲುದಾರ ಎಡ್ವರ್ಡ್ ಕ್ಲಾರ್ಕ್ 1856ರಲ್ಲಿ ಯಂತ್ರವನ್ನು ಬಾಡಿಗೆಯ ರೂಪದಲ್ಲಿ ಕೊಟ್ಟು, ಕಂತುಗಳು ತೀರಿದ ಮೇಲೆ ಒಡೆತನವನ್ನು ಒಪ್ಪಿಸುವ ಏರ್ಪಾಟನ್ನು ಮಾಡಿದನು. ಇಂಗ್ಲೆಂಡಿನಲ್ಲಿ ಸ್ನಾನದ ನೀರನ್ನು ಅನಿಲದಿಂದ ಕಾಯಿಸುವ ಗೀಸರನ್ನು 1868ರಲ್ಲಿ ಬೆಂಜಮಿನ್ ಮಾನ್ ಎಂಬವನು ರಚಿಸಿದನು. 1890ರ ದಶಕದಲ್ಲಿ ಅಲ್ಲಿಯ ಅನಿಲ ಕಂಪೆನಿಗಳು ನಾಣ್ಯ ಹಾಕಿದಷ್ಟೇ ಅನಿಲ ಬಿಡುವ ಮೀಟರುಗಳನ್ನಿರಿಸಿ, ಒಲೆಗಳನ್ನು ಬಾಡಿಗೆಗೆ ಕೊಟ್ಟು, ಕಾರ್ಮಿಕರ ಮನೆಗಳನ್ನು ತಮ್ಮ ಗ್ರಾಹಕರನ್ನಾಗಿ ಮಾಡಿಕೊಂಡುವು. ನಮ್ಮಲ್ಲಿ 1954ರಲ್ಲಿ ಟಿ.ಎಸ್. ಸಂತಾನಂ ಅವರು ಮದರಾಸಿನಲ್ಲಿ ಆರಂಭಿಸಿದ ಸುಂದರಂ ಫೈನಾನ್ಸ್‌ನಂಥ ಸಂಸ್ಥೆಗಳು ಲಾರಿ ಬಸ್ಸುಗಳಿಗೆ ಕಂತಿನ ವ್ಯವಸ್ಥೆಯನ್ನು ಕಲ್ಪಿಸಿದುವು. ಹಳ್ಳಿಯ ಬೀದಿಗಳಲ್ಲಾದರೋ, ಸೈಕಲ್ಲಿನ ಮೇಲೆ ಪಾತ್ರೆ, ಸೀರೆ, ಕುರ್ಚಿಗಳನ್ನು ಹೇರಿಕೊಂಡು ಬಂದು, ಕೊಟ್ಟು, ಮುಂದೆ ವಾರವಾರವೂ ವಸೂಲಿಗೆ ಬರುವ ತವಣೆಕಾರನೇ, ಎಂದರೆ ಕಂತಿನ ವ್ಯಾಪಾರಿಯೇ, ಈ ಪದ್ಧತಿಯ ಪ್ರತಿನಿಧಿ. ಅವನು ಕೊಟ್ಟ ವಸ್ತುವಿನ ನಿಜಬೆಲೆಯೆಷ್ಟು, ಕಾಯುವಿಕೆಗೆಂದು ಸೇರಿಸಿದುದೆಷ್ಟು ಎಂಬುದು ಕೊಳ್ಳುವವಳಿಗೆ ಎಂದೂ ತಿಳಿಯುತ್ತಿರಲಿಲ್ಲ. ಹೀಗೆ ಕೊಳ್ಳುವವರ ರಕ್ಷಣೆಗೆಂದು ಸಂಸತ್ತು 1972ರಲ್ಲಿ ಬಾಡಿಗೆ-ಖರೀದಿಯ ಕಾಯಿದೆಯೊಂದನ್ನು ಅಂಗೀಕರಿಸಿತಾದರೂ ಅದು ಒಂದು ದಿನವೂ ಜಾರಿಗೆ ಬರದೆ 2005ರಲ್ಲಿ ರದ್ದಾಯಿತು. ಮೂವತ್ತಮೂರು ವರ್ಷ ಕಾಗದದ ಮೇಲೆಯೇ ಉಳಿದ ಈ ಕಾಯಿದೆಯು ನಮ್ಮ ಶಾಸನ ಚರಿತ್ರೆಯ ಒಂದು ವಿಷಾದಕರ ಪುಟವೆಂದು ಹೇಳದೆ ಇರಲಾರೆ.

ಇಂದು ವಿದ್ಯುತ್ ಗೀಸರೂ, ಮಾಳಿಗೆಯ ಮೇಲಿನ ಸೌರ ಹೀಟರೂ ತಾಮ್ರದ ಸ್ಥಾನವನ್ನು ಆಕ್ರಮಿಸಿವೆ. ಕರ್ನಾಟಕ ಸರ್ಕಾರವು 2007ರಲ್ಲಿ ನಗರಗಳಲ್ಲಿ ಗೊತ್ತಾದ ಅಳತೆಗೆ ಮೀರಿದ ಹೊಸ ಮನೆಗಳಿಗೆ ಸೌರ ಹೀಟರನ್ನು ಕಡ್ಡಾಯಗೊಳಿಸಿದಾಗ ಅದರ ಬೆಲೆಗಾಗಿ ಬ್ಯಾಂಕಿನ ಸಾಲವೂ ಮಾಸಿಕ ಕಂತೂ ಅನೇಕ ಸಂಸಾರಗಳಿಗೆ ಅನಿವಾರ್ಯವಾದುವು. ಈ ಕಂತನ್ನು ನಾನು ನಿಂದಿಸುವುದಿಲ್ಲ. ಸೂರ್ಯನ ಶಾಖವು ಉರುವಲನ್ನೂ ವಿದ್ಯುತ್ತನ್ನೂ ಉಳಿಸುವುದರಿಂದ ಕೊಟ್ಟ ಹಣ ವರ್ಷಗಳಲ್ಲಿ ಹಿಂದಿರುಗುವುದುಂಟು. ಆದರೆ ವ್ಯತ್ಯಾಸವೊಂದನ್ನು ಗಮನಿಸಬೇಕು. ತಾಮ್ರಕ್ಕೆ ಕಟ್ಟಿದ ಹಣವು ಕಂತು ಮುಗಿದ ದಿನ ತೂಕದ ಸ್ವತ್ತಾಗಿ ನಿಲ್ಲುತ್ತಿತ್ತು. ಗೀಸರಿಗೆ ಕಟ್ಟಿದ ಹಣವು ಕಂತು ಮುಗಿಯುವ ಹೊತ್ತಿಗೆ ಸವೆದ ಯಂತ್ರವಾಗಿರುತ್ತದೆ. ಹಳೆಯ ಚೀಟಿಯವಳಿಗೆ ಕೆಟ್ಟ ಕಾಲ ಬಂದರೆ ಬಾಯ್ಲರೇ ಆಸರೆಯಾಗುತ್ತಿತ್ತು. ಹೊಸ ಕಂತಿನವಳಿಗೆ ಕೆಟ್ಟ ಕಾಲ ಬಂದರೆ ಕಂತೇ ಇನ್ನೊಂದು ಹೊರೆ. ಆದುದರಿಂದ ಒಟ್ಟು ಬೆಲೆಯನ್ನೂ ಬಡ್ಡಿಯನ್ನೂ ಬೇರೆ ಬೇರೆಯಾಗಿ ಅಕ್ಷರದಲ್ಲಿ ಬರೆದುಕೊಡದ ಯಾವ ಕಂತನ್ನೂ ಒಪ್ಪದಿರುವುದೇ ವಿವೇಕ.

ಈ ಚರಿತ್ರೆಗೆ ದಾಖಲೆಗಳು ಸರ್ಕಾರಿ ಕಡತಗಳಲ್ಲಿ ದೊರೆಯುವುದು ವಿರಳ. ಅವು ಇರುವುದು ಚೀಟಿಯ ಪುಸ್ತಕಗಳಲ್ಲಿ, ಮತ್ತು ಕೊಂಡ ದಿನದಂದು ಅಂಗಡಿಯವನಿಂದ ಪಾತ್ರೆಯ ಕುತ್ತಿಗೆಯ ಮೇಲೆ ಕೆತ್ತಿಸಿದ ಹೆಸರು, ಊರು, ತಾರೀಖುಗಳಲ್ಲಿ. ತಾಮ್ರದ ಬೆಲೆ ಏರಿದಂತೆಲ್ಲ ಹಳೆಯ ಬಾಯ್ಲರುಗಳು ಗುಜರಿಯ ತಕ್ಕಡಿಯನ್ನು ಏರುತ್ತಿವೆ. ಮಡತ್ತುಕುಳಂ, ಉಡುಮಲೈಪೇಟೆ, ಪಳನಿಗಳ ಕನ್ನಡ ಮನೆಗಳವರಲ್ಲಿಯೂ, ಗಡಿಯ ಈಚೆಗಿನವರಲ್ಲಿಯೂ ನನ್ನ ಬಿನ್ನಹವಿಷ್ಟೆ: ಹಂಡೆಯನ್ನಾಗಲಿ ಬಾಯ್ಲರನ್ನಾಗಲಿ ಮಾರುವ ಮುನ್ನ ಅದರ ಮೇಲಿನ ಅಕ್ಷರಗಳನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿರಿ, ಅದನ್ನು ಯಾರು ಯಾವ ಚೀಟಿಯ ಹಣದಿಂದ ಕೊಂಡರೆಂಬುದನ್ನು ಮನೆಯ ಹಿರಿಯರಿಂದ ಕೇಳಿ ಅದರ ಕೆಳಗೆ ಸೇರಿಸಿರಿ.