ಹಡಗು ಕೆಡಿಸಿದ ಗುಳ್ಳೆ, ಕೊಳಚೆ ತೊಳೆದೀತೇ?



ದೋಹಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಗ್ಯಾರೇಜುಗಳದೇ ಸಾಲು. ಡೀಸೆಲ್ ಇಂಜೆಕ್ಟರ್ ರಿಪೇರಿ ಮಾಡುವವರು ಬಳಸುವ ಒಂದು ಸ್ಟೀಲ್ ತೊಟ್ಟಿ ಇದೆ. ಸ್ವಿಚ್ ಹಾಕಿದರೆ ಬ್ರಷ್ ಹೋಗದ ಸಂದಿಯ ಮಸಿಯೂ ಬಿಟ್ಟುಕೊಳ್ಳುತ್ತದೆ. ಕೆಲಸ ಮಾಡುವುದು ಅಲ್ಟ್ರಾಸೌಂಡ್, ಅಂದರೆ ನಮ್ಮ ಕಿವಿಗೆ ಕೇಳದಷ್ಟು ಕೀರಲು ಸ್ವರ, ಮತ್ತು ಅದು ನೀರಿನಲ್ಲಿ ಎಬ್ಬಿಸುವ ಪುಟ್ಟ ಗುಳ್ಳೆಗಳು. ಇದೇ ಗುಳ್ಳೆ ಕಾರ್ಖಾನೆಯ ಕೊಳಚೆಯಲ್ಲಿರುವ ವಿಷವನ್ನೂ ಒಡೆಯಬಲ್ಲದು. ಇವತ್ತು ಅದರ ಕಥೆ ಹೇಳುತ್ತೇನೆ.

ಮೊದಮೊದಲು ಈ ಗುಳ್ಳೆ ಬರೀ ತಲೆನೋವು. 1890ರ ದಶಕದಲ್ಲಿ ಬ್ರಿಟನ್ನಿನ ‘ಡೇರಿಂಗ್’ ಎಂಬ ಯುದ್ಧನೌಕೆ ಲೆಕ್ಕ ಹಾಕಿದಷ್ಟು ವೇಗ ಹಿಡಿಯಲೇ ಇಲ್ಲ. ಪ್ರೊಪೆಲರ್ ಸುತ್ತ ನೀರು ಸೀಳಿ ಟೊಳ್ಳಾಗುತ್ತಿತ್ತು. ಅಂಥ ಟೊಳ್ಳು ಕುಸಿಯುವಾಗ ಎಂಥ ಒತ್ತಡ ಹುಟ್ಟುತ್ತದೆಂದು 1917ರಲ್ಲಿ ಲಾರ್ಡ್ ರೇಲೀ ಲೆಕ್ಕ ಹಾಕಿದರು. 1927ರಲ್ಲಿ ಅಮೆರಿಕದ ರಿಚರ್ಡ್ಸ್ ಮತ್ತು ಲೂಮಿಸ್ ಶಬ್ದದಿಂದ ರಾಸಾಯನಿಕ ಕ್ರಿಯೆ ನಡೆಸಿ ತೋರಿಸಿದರು. ಈ ಲೂಮಿಸ್ ವಾಲ್‌ಸ್ಟ್ರೀಟಿನ ಬ್ಯಾಂಕರ್. ಸ್ವಂತ ದುಡ್ಡಿನಲ್ಲಿ ಬಂಗಲೆಯನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದ ಆಸಾಮಿ!

ಅಲ್ಟ್ರಾಸೌಂಡಿನ ಚರಿತ್ರೆಯಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. 1935–36ರಲ್ಲಿ ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್, ಅಲ್ಟ್ರಾಸೌಂಡ್ ಹಾಯುವ ದ್ರವದಲ್ಲಿ ಬೆಳಕು ಹೇಗೆ ಚೆದುರುತ್ತದೆ ಎಂಬ ಸಿದ್ಧಾಂತ ಕೊಟ್ಟರು. ಅದು ಬೆಳಕಿನ ವಿಷಯ, ಕೊಳಚೆಯದಲ್ಲ. ಆದರೂ ನೆನೆಯಬೇಕು.

1980ರ ದಶಕದಲ್ಲಿ ಅಮೆರಿಕದ ಸಸ್ಲಿಕ್ ಗುಳ್ಳೆಯೊಳಗಿನ ಬಿಸಿ ಅಳೆದರು. ಕುಸಿಯುವ ಕ್ಷಣದಲ್ಲಿ ಅದು ಸುಮಾರು 5000 ಡಿಗ್ರಿ! ಸುತ್ತಲಿನ ನೀರು ಮಾತ್ರ ತಣ್ಣಗೇ ಇರುತ್ತದೆ. ಆ ಬಿಸಿಗೆ ನೀರಿನ ಕಣವೇ ಒಡೆದು ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಅದು ಸಿಕ್ಕಿದ್ದನ್ನೆಲ್ಲ ಕಚ್ಚುವ ಜಾತಿ. ಬ್ಯಾಕ್ಟೀರಿಯಾ ಸುಲಭವಾಗಿ ಅರಗಿಸಿಕೊಳ್ಳಲಾಗದ ಬಟ್ಟೆ ಬಣ್ಣ, ಫೀನಾಲ್‌ಗಳನ್ನೂ ತುಂಡು ಮಾಡುತ್ತದೆ. ಕ್ಲೋರಿನ್ ಇರುವ, ಬೇಗ ಆವಿಯಾಗುವ ದ್ರಾವಕಗಳು ಗುಳ್ಳೆಯೊಳಕ್ಕೇ ಹೊಕ್ಕು ಸುಟ್ಟುಹೋಗುತ್ತವೆ.

ಹಾಗಾದರೆ ಎಲ್ಲ ಕಾರ್ಖಾನೆಗಳಲ್ಲೂ ಇದು ಯಾಕಿಲ್ಲ? ಕರೆಂಟ್ ಬಿಲ್ಲು. ಲೀಟರಿನ ಪಾತ್ರೆಯಲ್ಲಿ ಗೆದ್ದದ್ದು ಟ್ಯಾಂಕರ್‌ಗಟ್ಟಲೆ ನೀರಿಗೆ ಬಂದಾಗ ಸೋಲುತ್ತದೆ. ಮುಂಬೈಯ ಇನ್‌ಸ್ಟಿಟ್ಯೂಟ್ ಆಫ್ ಕೆಮಿಕಲ್ ಟೆಕ್ನಾಲಜಿಯಲ್ಲಿ ಅನಿರುದ್ಧ ಪಂಡಿತ್, ಪರಾಗ್ ಗೋಗಟೆ ಮತ್ತು ಸಂಗಡಿಗರು ಬೇರೆ ದಾರಿಯ ಮೇಲೆ ವರ್ಷಗಟ್ಟಲೆ ದುಡಿದಿದ್ದಾರೆ. ಶಬ್ದವೇ ಬೇಡ, ತೂತಿನ ತಟ್ಟೆಯ ಮೂಲಕ ನೀರನ್ನು ಪಂಪಿನಿಂದ ನುಗ್ಗಿಸಿದರೂ ಗುಳ್ಳೆ ಏಳುತ್ತದೆ, ಖರ್ಚೂ ಕಡಿಮೆ. ಹಡಗಿನ ಪ್ರೊಪೆಲರ್ ಮಾಡಿದ್ದೂ ಇದನ್ನೇ ಅಲ್ಲವೇ? ನನಗೆ ಇದೇ ಹೆಚ್ಚು ಭರವಸೆಯದಾಗಿ ಕಾಣುತ್ತದೆ.

ಕತಾರಿನಲ್ಲಿ ನದಿಯಿಲ್ಲ. ಕುಡಿಯುವ ನೀರು ಹೆಚ್ಚುಕಡಿಮೆ ಎಲ್ಲವೂ ಸಮುದ್ರದ್ದು. ಶುದ್ಧೀಕರಿಸಿದ ಕೊಳಚೆ ನೀರು ರಸ್ತೆಬದಿಯ ಗಿಡಕ್ಕೆ, ದನಕರುಗಳ ಮೇವಿನ ಬೆಳೆಗೆ ಹೋಗುತ್ತದೆ. ಬೆಂಗಳೂರಿನಲ್ಲಿ ನದಿಯಿತ್ತು, ವೃಷಭಾವತಿ. ಪೀಣ್ಯದ ಕಾರ್ಖಾನೆಗಳ ನೀರೂ ಊರಿನ ಚರಂಡಿಯೂ ಅದನ್ನೇ ಸೇರಿದವು. ಅಲ್ಲಿ ಗುಳ್ಳೆಯ ಆಟ ಅರ್ಧ ಮಾತ್ರ ನಡೆದೀತು: ಬಣ್ಣವನ್ನು ಒಡೆಯಬಹುದು, ಆದರೆ ಎಲೆಕ್ಟ್ರೋಪ್ಲೇಟಿಂಗ್‌ನ ಕ್ರೋಮಿಯಂ ಎಷ್ಟು ಜಜ್ಜಿದರೂ ಕ್ರೋಮಿಯಂ ಆಗಿಯೇ ಉಳಿಯುತ್ತದೆ. ಅದನ್ನು ಬೇರೆಯೇ ಇಳಿಸಿ ತೆಗೆಯಬೇಕು. ವೃಷಭಾವತಿಯ ಆ ನೀರು ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಬಂದು, ಅಲ್ಲಿಂದ ರೈತರ ಹೊಲಕ್ಕೆ ಹರಿದಿದೆ.