ಒಂದೇ ಅಂಕಿ, ಎರಡು ಓದು: ಕರ್ನಲ್ ಎಡವುವ 64 ಬಿಟ್ ಜಾಗ

ತುಂಗಭದ್ರಾ ಜಲಾಶಯದ ಪೂರ್ಣಮಟ್ಟ 1,633 ಅಡಿ. ಬಳ್ಳಾರಿ ಜಿಲ್ಲೆಯ ಸಿರುಗುಪ್ಪ, ಕುರುಗೋಡು ಭಾಗದ ರೈತರು ಮಳೆಗಾಲದಲ್ಲಿ ದಿನಾ ಕೇಳೋ ಅಂಕಿ ಇದೇ. ಒಂದು ಊಹೆ ಮಾಡೋಣ. ಮಟ್ಟ 1,632.99ರಿಂದ 1,633.00ಕ್ಕೆ ಏರುತ್ತಿದೆ, ಅಂಕಿಯ ಎರಡು ಭಾಗವನ್ನು ಬೇರೆ ಬೇರೆಯಾಗಿ ಓದಬೇಕು. ಮೊದಲು ದಶಾಂಶ ಓದಿದಿರಿ: 99. ಅಷ್ಟರಲ್ಲಿ ನೀರು ಏರಿತು. ಆಮೇಲೆ ಪೂರ್ಣಾಂಕ: 1,633. ಪುಸ್ತಕಕ್ಕೆ ಬಿದ್ದದ್ದು 1,633.99! ಎರಡೂ ಓದು ಸರಿ, ಕೂಡಿಸಿದ ಉತ್ತರ ಮಾತ್ರ ಸುಳ್ಳು.

ಕಂಪ್ಯೂಟರಿನೊಳಗೆ ಇದು ನಿಜವಾಗಿಯೂ ಆಗುತ್ತದೆ.

ಏನಿದು ಸಮಸ್ಯೆ?

ಟೈಮರ್, ನೆಟ್‌ವರ್ಕ್ ಕಾರ್ಡ್, ಡಿಸ್ಕ್‌ಗಳ ರಿಜಿಸ್ಟರುಗಳನ್ನು ಕರ್ನಲ್ ಮೆಮೊರಿ ವಿಳಾಸಗಳಂತೆ ಓದಿ ಬರೆಯುತ್ತದೆ. ಇದಕ್ಕೆ ಮೆಮೊರಿ-ಮ್ಯಾಪ್ಡ್ ಐಒ ಎನ್ನುತ್ತಾರೆ. ರಿಜಿಸ್ಟರ್ 64 ಬಿಟ್ ಅಗಲವಿದ್ದು, ಪ್ರೊಸೆಸರ್ ಒಮ್ಮೆಗೆ 32 ಬಿಟ್ ಮಾತ್ರ ಓದಬಲ್ಲದಾದರೆ ಎರಡು ಸಲ ಓದಲೇಬೇಕು. ಆಗ ಆ ಓದು ಅಟಾಮಿಕ್, ಅಂದರೆ ಅಖಂಡ, ಆಗಿರುವುದಿಲ್ಲ.

ಸೆಕೆಂಡಿಗೆ 10 ಲಕ್ಷ ಸಲ ಎಣಿಸುವ ಕೌಂಟರಿನ ಕೆಳಗಿನ 32 ಬಿಟ್ ಸುಮಾರು 71 ನಿಮಿಷಕ್ಕೊಮ್ಮೆ ತುಂಬಿ ಸೊನ್ನೆಗೆ ಮರಳುತ್ತದೆ. ಸರಿಯಾಗಿ ಆ ಗಳಿಗೆಯಲ್ಲಿ ಓದಿದರೆ 4,294,967,296 ಇರಬೇಕಾದಲ್ಲಿ 8,589,934,591 ಅಥವಾ ಸೊನ್ನೆ ಸಿಗಬಹುದು. ಪರೀಕ್ಷೆಯಲ್ಲಿ ಕಾಣದೆ, ಬಳಕೆಯಲ್ಲಿ ಯಾವಾಗಲೋ ಕೈಕೊಡುವ ದೋಷ ಇದು.

ಲಾಕ್ ಹಾಕಿದರೆ ಆಗಲ್ವಾ?

ಆಗಲ್ಲ. ಲಾಕ್ ತಡೆಯುವುದು ಕರ್ನಲ್ಲಿನ ಇತರ ಕೋಡನ್ನು. ಹಾರ್ಡ್‌ವೇರ್ ನಮ್ಮ ಲಾಕನ್ನು ನೋಡುವುದೇ ಇಲ್ಲ.

ಕೌಂಟರಿಗೆ ಹಳೆಯ ಉಪಾಯವಿದೆ: ಮೇಲಿನ ಅರ್ಧ, ಕೆಳಗಿನ ಅರ್ಧ, ಮತ್ತೆ ಮೇಲಿನ ಅರ್ಧ ಓದಿ, ಮೇಲಿನದು ಬದಲಾಗಿದ್ದರೆ ಇನ್ನೊಮ್ಮೆ ಓದಿ. ಆದರೆ ಓದಿದೊಡನೆ ಅಳಿಸಿಹೋಗುವ ರಿಜಿಸ್ಟರುಗಳಿಗೆ ಇದು ನಡೆಯದು.

ಬರೆಯುವಾಗ ಕ್ರಮವೇ ಮುಖ್ಯ. ರಿಸ್ಕ್-ಫೈವ್‌ನ ಟೈಮರ್ ಹೋಲಿಕೆ ರಿಜಿಸ್ಟರ್ 64 ಬಿಟ್‌ನದು. 32 ಬಿಟ್ ಚಿಪ್‌ನಲ್ಲಿ ಅದರ ಅರ್ಧ ಬರೆದಾಗಲೇ ಸುಳ್ಳು ಇಂಟರಪ್ಟ್ ಬರಬಹುದು. ಹಾಗಾಗಿ ಕೆಳಗಿನ ಅರ್ಧಕ್ಕೆ ಮೊದಲು ಗರಿಷ್ಠ ಬೆಲೆ, ನಂತರ ಮೇಲಿನ ಅರ್ಧ, ಕೊನೆಗೆ ಕೆಳಗಿನ ನಿಜಬೆಲೆ ಬರೆಯುವ ಕ್ರಮವನ್ನು ಅದರ ದಾಖಲೆಯೇ ತೋರಿಸುತ್ತದೆ.

ಲಿನಕ್ಸ್ ಏನು ಮಾಡಿತು?

2009ರಲ್ಲಿ 32 ಬಿಟ್ ಎಕ್ಸ್86ಗೂ 64 ಬಿಟ್ ಓದು-ಬರಹದ ಫಂಕ್ಷನ್ ಬಂತು. ಒಳಗೆ ನಡೆಯುತ್ತಿದ್ದದ್ದು ಎರಡು ತುಂಡಿನ ಓದು. ಹೊರಗಿನಿಂದ ಅಖಂಡವಾಗಿ ಕಾಣುವುದೇ ಅಪಾಯ ಎಂದು 2011ರಲ್ಲಿ ಅದನ್ನು ತೆಗೆದರು. 2012ರಲ್ಲಿ ಎರಡು ಪ್ರತ್ಯೇಕ ಹೆಡರ್ ಫೈಲ್ ಬಂದವು: ಒಂದರಲ್ಲಿ ಕೆಳಗಿನ ಅರ್ಧ ಮೊದಲು, ಇನ್ನೊಂದರಲ್ಲಿ ಮೇಲಿನದು. ಹೆಸರಿನಲ್ಲೇ 'ನಾನ್‌ಅಟಾಮಿಕ್' ಅಂತಿದೆ. ಡ್ರೈವರ್ ಬರೆಯುವವರು ತಿಳಿದೇ ಆರಿಸಬೇಕು.

64 ಬಿಟ್ ಯುಗದಲ್ಲೂ ಪ್ರಶ್ನೆ ಮುಗಿದಿಲ್ಲ, ಅಗಲವಾಗಿದೆ ಅಷ್ಟೇ. ಈಗ ಒಮ್ಮೆಗೇ 64 ಬೈಟ್ ಕಳಿಸುವ ಸಾಧನಗಳಿವೆ. ಅದಕ್ಕಾಗಿ ಇಂಟೆಲ್ ಮತ್ತು ಆರ್ಮ್ ಪ್ರತ್ಯೇಕ ಸೂಚನೆಗಳನ್ನೇ ಸೇರಿಸಿವೆ.

ನಮಗೇಕೆ ಇದು?

ಐಐಟಿ ಮದ್ರಾಸ್‌ನ ಶಕ್ತಿ, ಸಿ-ಡ್ಯಾಕ್‌ನ ವೇಗ ಪ್ರೊಸೆಸರುಗಳು ರಿಸ್ಕ್-ಫೈವ್ ಮೇಲೆ ನಿಂತಿವೆ. ಅದರ ದಾಖಲೆಯನ್ನು ಯಾರು ಬೇಕಾದರೂ ಓದಬಹುದು. ಸ್ವದೇಶಿ ಚಿಪ್ ಅಂದರೆ ಕಾರ್ಖಾನೆ, ಸಬ್ಸಿಡಿ ಮಾತ್ರವಲ್ಲ. ಯಾವ ರಿಜಿಸ್ಟರ್ ಅಖಂಡ, ಯಾವುದು ಅಲ್ಲ ಎಂದು ತಯಾರಕರು ಬಹಿರಂಗವಾಗಿ ಬರೆದಿಡಬೇಕು. ಸಾರ್ವಜನಿಕ ಸೇವೆಗೆ ಯಂತ್ರ ಕೊಳ್ಳುವ ಸರ್ಕಾರ ಈ ದಾಖಲೆಯನ್ನೂ ಕೇಳಿ ಪಡೆಯಬೇಕು.